ಟ್ರ್ಯಾಕರ್ ಇಲ್ಲದೆ, ಕಾಫಿ ಒಣಗಿಸೋ ಕಣದಿಂದ ಆಂಡ್ರೊಮಿಡಾ: ನನ್ನ ಅನುಭವ

ನಕ್ಷತ್ರಗಳ ಜೊತೆ ಕ್ಯಾಮೆರಾ ತಿರುಗಿಸೋ ಟ್ರ್ಯಾಕರ್ ಇಲ್ಲದೆ ಆಂಡ್ರೊಮಿಡಾ ಗ್ಯಾಲಕ್ಸಿಯ ಫೋಟೋ ಬರೋದಿಲ್ಲ, ಅದೂ ಕೊಡಗಿನ ಮಂಜಿನಲ್ಲಿ ಬಿಟ್ಟುಬಿಡಿ ಅಂದವರೇ ಜಾಸ್ತಿ. ಬಂದಿದೆ. ನಡುವಿನ ಹೊಳಪಷ್ಟೇ ಅಲ್ಲ, ಕಪ್ಪು ದೂಳಿನ ಪಟ್ಟಿಯೂ ಮಸುಕಾಗಿ ಬಂದಿದೆ, ಪಕ್ಕದ ಚಿಕ್ಕ ಗ್ಯಾಲಕ್ಸಿ ಎಂ110 ಕೂಡ ಇದೆ. ಟ್ರ್ಯಾಕರ್‌ಗೆ ಹೋಗಬೇಕಿದ್ದ 40 ಸಾವಿರ ಉಳೀತು. ಹಳೇ 50 ಎಂಎಂ ಲೆನ್ಸ್‌ಗೆ ಸುಮಾರು 6 ಸಾವಿರ, ಟ್ರೈಪಾಡ್‌ಗೆ ಎರಡೂವರೆ ಆಯ್ತು, ಅಷ್ಟೇ.

ತೋಟದೊಳಗೆ ಸಿಲ್ವರ್ ಓಕ್ ಆಕಾಶವನ್ನೇ ಬಿಡೋದಿಲ್ಲ, ಕಣವೊಂದೇ ಗತಿ. ಅರೇಬಿಕಾ ಹರಡಿರೋ ಕಾಲ, ಆದ್ದರಿಂದ ಟಾರ್ಪಾಲ್ ಹೊದಿಸಿದ ಮೇಲೆ ಮೂಲೆಯಲ್ಲಿ ಟ್ರೈಪಾಡ್. ಡಿಸೆಂಬರ್ ಮೊದಲ ವಾರ ರಾತ್ರಿ 8ರ ಹೊತ್ತಿಗೆ ಗ್ಯಾಲಕ್ಸಿ ಉತ್ತರಕ್ಕೆ ಸುಮಾರು 60 ಡಿಗ್ರಿ ಎತ್ತರದಲ್ಲಿರುತ್ತೆ. ನಾಲ್ಕು ನಕ್ಷತ್ರಗಳ ಪೆಗಾಸಸ್ ಚೌಕದ ಮೂಲೆಯ ನಕ್ಷತ್ರ ಆಲ್ಫೆರಾಟ್ಜ್‌ನಿಂದ ಮಿರಾಕ್ ನಕ್ಷತ್ರ, ಅಲ್ಲಿಂದ ತಿರುಗಿ ಮ್ಯೂ, ನ್ಯೂ ನಕ್ಷತ್ರಗಳು. ಗ್ಯಾಲಕ್ಸಿ ನ್ಯೂ ಪಕ್ಕದಲ್ಲೇ ಇದೆ. ಹತ್ತರೊಳಗೆ ಮುಗಿಸಿ, ಆಮೇಲೆ ಕಣಿವೆಯ ಮಂಜು ಮೇಲೇಳುತ್ತೆ.

ಕ್ರಾಪ್ ಸೆನ್ಸರ್‌ಗೆ (ಚಿಕ್ಕ ಸೆನ್ಸರಿನ ಕ್ಯಾಮೆರಾ) ಒಂದೊಂದು ಫ್ರೇಮಿಗೆ 4 ಸೆಕೆಂಡ್, ಬೆಳಕಿನ ಸೂಕ್ಷ್ಮತೆ ಐಎಸ್‌ಒ 3200, ಲೆನ್ಸಿನ ತೆರವು ಎಫ್/2.8. ಇನ್ನೂ ಅಗಲ ತೆರೆಯೋ ಎಫ್/1.8 ಆಸೆಗೆ ಬೀಳಬೇಡಿ, ಮೂಲೆಯ ನಕ್ಷತ್ರಗಳಿಗೆ ರೆಕ್ಕೆ ಬರುತ್ತೆ. 8 ಸೆಕೆಂಡ್ ಇಟ್ಟರೆ ಭೂಮಿ ತಿರುಗೋದರಿಂದ ನಕ್ಷತ್ರಗಳೆಲ್ಲಾ ಗೆರೆ. 250 ಫ್ರೇಮ್, ಸೆನ್ಸರಿನ ನಾಯ್ಸ್ ಕಳೆಯೋಕೆ ಮುಚ್ಚಳ ಹಾಕಿ 20 ಡಾರ್ಕ್ ಫ್ರೇಮ್, ಆಮೇಲೆ ಇವನ್ನೆಲ್ಲಾ ಒಂದಾಗಿ ಜೋಡಿಸೋ ಸೀಕ್ವೇಟರ್ ಸಾಫ್ಟ್‌ವೇರ್. ಹತ್ತು ನಿಮಿಷಕ್ಕೊಮ್ಮೆ ಗ್ಯಾಲಕ್ಸಿಯನ್ನ ಮತ್ತೆ ನಡುವಿಗೆ ತನ್ನಿ.

ರಾತ್ರಿಗಳು ಹಾಳಾಗಿದ್ದು ಮಾತ್ರ ಇಬ್ಬನಿಯಿಂದ. ಲೆನ್ಸ್ ಒರೆಸಿದರೆ ಎರಡೇ ನಿಮಿಷಕ್ಕೆ ಮತ್ತೆ ಮಸುಕು. ಯೋಗ ಮ್ಯಾಟ್ ಕತ್ತರಿಸಿ 6 ಸೆಂಮೀ ಹುಡ್ ಮಾಡಿದ್ದು ಅರ್ಧ ಗಂಟೆ ತಡೀತು. ಪವರ್ ಬ್ಯಾಂಕಿನ ಹೀಟರ್ ಪಟ್ಟಿ, 900 ರೂಪಾಯಿ ಇರಬೇಕು, ಅದು ಗೆದ್ದಿತು. ಆದರೆ ಲೆನ್ಸ್ ಬಿಸಿಯಾದ ಹಾಗೆ ಫೋಕಸ್ ಸರಿಯುತ್ತೆ. ಅದಕ್ಕೇ ಪಟ್ಟಿ ಹಾಕಿ ಅರ್ಧ ಗಂಟೆ ಬಿಟ್ಟು, ಕ್ಯಾಮೆರಾ ಪರದೆಯ ಲೈವ್ ವ್ಯೂನಲ್ಲಿ ಮಿರಾಕ್ ಮೇಲೆ 10 ಪಟ್ಟು ಹಿಗ್ಗಿಸಿ ಫೋಕಸ್ ಮಾಡಿ, ರಿಂಗಿಗೆ ಇನ್ಸುಲೇಷನ್ ಟೇಪ್ ಅಂಟಿಸಿ.

ಫೋಟೋ ನೋಡಿದ ಹೋಂಸ್ಟೇ ಅತಿಥಿಗಳು ಗ್ಯಾಲಕ್ಸಿ ಆ ನಕ್ಷತ್ರಗಳ ನಡುವೆಯೇ ಇದೆ ಅಂದುಕೊಳ್ತಾರೆ. ಅವರಿಗೋಸ್ಕರ ಕಣದಲ್ಲೇ ಗೂಟ ನೆಟ್ಟಿದ್ದೀನಿ: ಒಂದು ಜ್ಯೋತಿರ್ವರ್ಷಕ್ಕೆ (ಬೆಳಕು ಒಂದು ವರ್ಷದಲ್ಲಿ ಸಾಗೋ ದೂರ) ಒಂದು ಸೆಂಮೀ. ಆಲ್ಫೆರಾಟ್ಜ್ 97 ಸೆಂಮೀ, ಮ್ಯೂ ಒಂದೂಕಾಲು ಮೀಟರಿನ ಮೇಲೆ ಸ್ವಲ್ಪ, ಮಿರಾಕ್ 2 ಮೀಟರ್, ನ್ಯೂ 6 ಮೀಟರ್. ಒಂದೇ ನಕ್ಷತ್ರಪುಂಜ ಅಂದರೂ ಇವುಗಳಲ್ಲೇ ಹೊಂದಾಣಿಕೆ ಇಲ್ಲ. ಗ್ಯಾಲಕ್ಸಿಯ ಗೂಟ? 25 ಲಕ್ಷ ಸೆಂಮೀ, ಅಂದರೆ 25 ಕಿಮೀ. ಮಡಿಕೇರಿಯಿಂದ ಹೊರಟರೆ ಸುಂಟಿಕೊಪ್ಪ ದಾಟಿ ಇನ್ನೂ ಮುಂದೆ. ನಮ್ಮ ಇಡೀ ಕ್ಷೀರಪಥ ಸುಮಾರು ಒಂದು ಕಿಮೀ ಅಗಲ. ಫೋಟೋದ ಬಿಡಿ ಚುಕ್ಕೆಗಳೆಲ್ಲಾ ಅದರೊಳಗಿನವೇ, ಗ್ಯಾಲಕ್ಸಿ ಅವುಗಳ ಸಂದಿಯಿಂದ ಆಚೆ ಕಾಣೋದು. ಪುಂಜ ಬರೀ ದಿಕ್ಕು ತೋರಿಸುತ್ತೆ.

ಮಿರಾಕ್‌ನಿಂದ ಆಂಡ್ರೊಮಿಡಾಗೆ ಎದುರು ದಿಕ್ಕಿಗೆ ಹೆಚ್ಚುಕಮ್ಮಿ ಅಷ್ಟೇ ದೂರ ಹೋದರೆ ಎಂ33 ಅನ್ನೋ ಇನ್ನೊಂದು ಗ್ಯಾಲಕ್ಸಿ. ಇದೇ ಸೆಟ್ಟಿಂಗ್‌ನಲ್ಲಿ 250 ಫ್ರೇಮಿಗೆ ಬರೀ ಕಲೆ. 600 ಆದರೂ ಬೇಕು, ಹೋಂಸ್ಟೇ ಫ್ಲಡ್‌ಲೈಟ್ ಆರಿಸಲೇಬೇಕು.