ಹೆದೆ ಎಳೆಯುವ ಬೆರಳಿಗೆ ಸರಿಯಾದ ಗ್ಲೌಸ್ ಆರಿಸುವುದು ಹೇಗೆ?

ಬಿಲ್ಲು ಕೊಳ್ಳುವಾಗ ಜನ ವಾರಗಟ್ಟಲೆ ವಿಚಾರಿಸುತ್ತಾರೆ. ಮರದ್ದಾ, ಫೈಬರಿಂದಾ, ಎಷ್ಟು ಪೌಂಡು, ಎಷ್ಟು ಉದ್ದ ಅಂತ ನಾಲ್ಕು ಜನರನ್ನು ಕೇಳುತ್ತಾರೆ. ಗ್ಲೌಸಿನ ವಿಷಯ ಬಂದರೆ ಮಾತ್ರ ‘ಜೊತೆಗೆ ಒಂದು ಹಾಕಿ ಕಳಿಸಿ’ ಅಂದು ಮುಗಿಸುತ್ತಾರೆ. ವಾರದೊಳಗೆ ಬೆರಳ ತುದಿಯಲ್ಲಿ ಗುಳ್ಳೆ ಏಳುತ್ತದೆ. ಆಗ ಇನ್ನೂ ದಪ್ಪದ್ದು ತರಿಸುತ್ತಾರೆ. ಗುಳ್ಳೆಯೇನೋ ನಿಲ್ಲುತ್ತದೆ, ಆದರೆ ಬಾಣ ಎತ್ತೆತ್ತಲೋ ಹೋಗೋಕೆ ಶುರುವಾಗುತ್ತದೆ.

ದಪ್ಪ ಇದ್ದಷ್ಟೂ ಆರಾಮ ಅನ್ನುವ ಲೆಕ್ಕವೇ ತಪ್ಪು. ಬೆರಳು ನೋಯದಷ್ಟು ದಪ್ಪ ಇದ್ದರೆ ಸಾಕು, ಅದಕ್ಕಿಂತ ಜಾಸ್ತಿ ಬೇಡವೇ ಬೇಡ. ಹೆದೆ ಬೆರಳಿನ ಮೇಲೆ ಎಲ್ಲಿ ಕೂತಿದೆ ಅನ್ನುವುದು ಚರ್ಮದ ಒಳಗಿಂದಲೂ ಗೊತ್ತಾಗಬೇಕು. ಗೊತ್ತಾಗದಿದ್ದರೆ ಒಂದೊಂದು ಸಲ ಒಂದೊಂದು ಕಡೆ ಹಿಡಿಯುತ್ತೀರಿ. ಬಾಣವೂ ಹಾಗೇ ಹೋಗುತ್ತದೆ.

ನಿಮಗೆ ಬೇಕಾದದ್ದು ಗ್ಲೌಸೇನಾ?

ಇಲ್ಲಿ ಹೇಳುತ್ತಿರುವುದು ಮೂರು ಬೆರಳಲ್ಲಿ ಹೆದೆ ಎಳೆಯುವವರ ಗ್ಲೌಸು. ತೋರುಬೆರಳು, ನಡುಬೆರಳು, ಉಂಗುರಬೆರಳಿಗೆ ಒಂದೊಂದು ಟೊಪ್ಪಿ, ಅಂಗೈ ಖಾಲಿ, ಹಿಂಗೈ ಮೇಲೆ ಪಟ್ಟಿ, ಮಣಿಕಟ್ಟಿಗೆ ಬೆಲ್ಟು. ಲಾಂಗ್‌ಬೋ (ಉದ್ದನೆ ಬಿಲ್ಲು) ಅಥವಾ ಸಾದಾ ರಿಕರ್ವ್ (ತುದಿ ಮುಂದಕ್ಕೆ ಬಾಗಿದ) ಬಿಲ್ಲು ಇದ್ದವರಿಗೆ ಇದು ಹೊಂದುತ್ತದೆ. ಕಾಂಪೌಂಡ್ (ತುದಿಗಳಲ್ಲಿ ರಾಟೆ ಇರುವ) ಬಿಲ್ಲಿನವರು ಸಾಮಾನ್ಯವಾಗಿ ಹೆದೆ ಹಿಡಿದು ಬಿಡುವ, ಟ್ರಿಗರ್ ಇರುವ ರಿಲೀಸ್ ಅನ್ನುವ ಸಾಧನ ಬಳಸುತ್ತಾರೆ, ಅವರಿಗೆ ಇದರ ಗೊಡವೆ ಇಲ್ಲ.

ಕುದುರೆ ಸವಾರರು ಬಳಸುತ್ತಿದ್ದ ಗಿಡ್ಡ ಬಿಲ್ಲು ತಗೊಂಡು ಹೆಬ್ಬೆರಳಲ್ಲಿ ಎಳೆಯುವವರಿಗೂ ಈ ಗ್ಲೌಸ್ ಬರುವುದಿಲ್ಲ. ಅದಕ್ಕೆ ಹೆಬ್ಬೆರಳಿನ ಉಂಗುರವೇ ಬೇರೆ ಇದೆ. ಏಕಲವ್ಯನಿಂದ ದ್ರೋಣ ಕೇಳಿದ್ದೂ ಬಲಗೈ ಹೆಬ್ಬೆರಳನ್ನೇ ಅಲ್ವಾ! ಆ ಕಾಲದ ಎಳೆತ ಯಾವ ಬೆರಳಲ್ಲಿತ್ತು ಅಂತ ನೀವೇ ಊಹಿಸಬಹುದು.

ಇನ್ನು ಟ್ಯಾಬ್. ಅದು ಬೆರಳುಗಳ ಮುಂದೆ ಹಿಡಿಯುವ ಒಂದೇ ಚಪ್ಪಟೆ ಚರ್ಮದ ತುಂಡು. ಹೆದೆ ಅದರ ಮೇಲಿಂದ ನುಣ್ಣಗೆ ಜಾರುತ್ತದೆ. ಒಲಿಂಪಿಕ್ಸ್‌ನಲ್ಲಿ ರಿಕರ್ವ್ ಬಿಲ್ಲುಗಾರರ ಕೈಯಲ್ಲಿ ಕಾಣುವುದು ಅದೇ. ಆದರೆ ಟ್ಯಾಬ್ ಹಾಕಿಕೊಂಡು ಬಾಣ ಕೀಳುವುದು, ನೀರಿನ ಬಾಟಲಿ ತೆಗೆಯುವುದು ಕಿರಿಕಿರಿ. ಗ್ಲೌಸ್ ಹಾಕಿಕೊಂಡರೆ ಮರೆತೇಹೋಗುತ್ತದೆ, ಪ್ರತಿ ಬೆರಳಿಗೂ ಹೆದೆ ಬೇರೆಬೇರೆಯಾಗಿ ತಿಳಿಯುತ್ತದೆ. ಸ್ಪರ್ಧೆಯ ಆಸೆ ಇದ್ದರೆ ಟ್ಯಾಬ್ ಕಡೆ ನೋಡಿ. ಬಯಲಲ್ಲಿ ನಿಂತು ಖುಷಿಗೆ ಬಾಣ ಬಿಡುವವರಿಗೆ ನನ್ನ ಓಟು ಗ್ಲೌಸಿಗೇ.

ಬಿಲ್ಲಿನ ಮೇಲೆ ಬರೆದ ಅಂಕಿ ನೋಡಿ

ಬಿಲ್ಲಿನ ಕೆಳಗಿನ ರೆಕ್ಕೆಯ (ಹಿಡಿಯ ಕೆಳಗೆ ಬಾಗುವ ಭಾಗ) ಒಳಮೈಯಲ್ಲಿ 30 ಪೌಂಡ್, 28 ಇಂಚು ಅಂತೇನೋ ಬರೆದಿರುತ್ತದೆ. 28 ಇಂಚು ಎಳೆದಾಗ ಬೆರಳ ಮೇಲೆ 30 ಪೌಂಡ್ ಬೀಳುತ್ತದೆ ಅಂತ ಅರ್ಥ. ಕೆಜಿಯಲ್ಲಿ ಹದಿಮೂರೂವರೆ ಆಯಿತು. 40 ಪೌಂಡಿನದಾದರೆ 18 ಕೆಜಿ. ತೋಳು ಗಿಡ್ಡ ಇದ್ದವರು ಅಷ್ಟು ದೂರ ಎಳೆಯುವುದಿಲ್ಲ, ಅವರಿಗೆ ಭಾರವೂ ಕಡಿಮೆ. ಒಂದಿಂಚು ಹೆಚ್ಚುಕಮ್ಮಿ ಆದರೆ ಸುಮಾರು ಎರಡು ಪೌಂಡ್ ಆಚೀಚೆ ಆಗುತ್ತದೆ.

ಈ ಭಾರ ಮೂರು ಬೆರಳಿಗೂ ಸಮ ಹಂಚಿಕೆ ಆಗುವುದಿಲ್ಲ. ಹೆಚ್ಚಿನವರಲ್ಲಿ ನಡುಬೆರಳೇ ಜಾಸ್ತಿ ಹೊರುತ್ತದೆ.

30 ಪೌಂಡಿನ ಒಳಗಿದ್ದರೆ ತೆಳು, ಮೆತ್ತನೆ ಚರ್ಮ ಸಾಕು. 30ರಿಂದ 45ರವರೆಗೆ ಮಧ್ಯಮ. 45 ದಾಟಿದರೆ ತುದಿಯಲ್ಲಿ ಎರಡು ಪದರ ಇರುವುದು ಅಥವಾ ಗಟ್ಟಿ ಚರ್ಮದ ತುದಿ ಹೊಲಿದದ್ದು ಬೇಕಾಗುತ್ತದೆ. ಇದು ಅಂದಾಜು ಅಷ್ಟೇ. ದಿನಾ ಹಾರೆ ಹಿಡಿದು ಜಡ್ಡುಗಟ್ಟಿದ ಕೈಗೆ ಒಂದು ಮೆಟ್ಟಿಲು ತೆಳ್ಳಗಿದ್ದರೂ ನಡೆಯುತ್ತದೆ. ದಿನವಿಡೀ ಕೀಬೋರ್ಡ್ ಕುಟ್ಟುವವರಿಗೆ ನಡೆಯಲಿಕ್ಕಿಲ್ಲ.

ಅಳತೆ ಸಂಜೆ ತಗೊಳ್ಳಿ

ಒಂದು ಉದ್ದನೆ ಕಾಗದದ ಪಟ್ಟಿ ಕತ್ತರಿಸಿ. ನಡುಬೆರಳಿನ ತುದಿಯ ಗೆಣ್ಣಿಗೆ ಸುತ್ತಿ, ಸೇರುವ ಜಾಗದಲ್ಲಿ ಪೆನ್ನಿನಿಂದ ಗೆರೆ ಎಳೆಯಿರಿ. ಬಿಚ್ಚಿ ಸ್ಕೇಲಿನ ಮೇಲೆ ಇಟ್ಟು ಮಿಲಿಮೀಟರ್‌ನಲ್ಲಿ ಬರೆದುಕೊಳ್ಳಿ. ಉಳಿದ ಎರಡು ಬೆರಳಿಗೂ ಹೀಗೇ. ಅಂಗೈ ಅಗಲವನ್ನೂ ಬರೆದಿಟ್ಟುಕೊಳ್ಳಿ, ಕೆಲವು ಕಂಪನಿಯವರು ಅದನ್ನೇ ಕೇಳುತ್ತಾರೆ.

ಸಂಜೆ ಯಾಕೆ ಅಂದರೆ ಬಿಸಿಲಿಗೆ ಬೆರಳು ಊದುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಡಿಸೆಂಬರ್ ಬೆಳಿಗ್ಗೆ ತಣ್ಣೀರಲ್ಲಿ ಕೈ ತೊಳೆದು ಅಳೆದ ಸೈಜು ಬೇಸಿಗೆಯಲ್ಲಿ ಬೆರಳನ್ನು ಹಿಂಡುತ್ತದೆ.

ಒಬ್ಬ ಕಂಪನಿಯವನ ಮೀಡಿಯಂ ಇನ್ನೊಬ್ಬನ ಲಾರ್ಜ್ ಆಗಿರುತ್ತದೆ. ಹಾಗಾಗಿ ಅಕ್ಷರ ನಂಬಬೇಡಿ, ಅವರವರ ಅಳತೆ ಪಟ್ಟಿ ನೋಡಿ. ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ ಮೆತ್ತನೆ ಚರ್ಮದ್ದರಲ್ಲಿ ಚಿಕ್ಕದನ್ನೇ ತಗೊಳ್ಳಿ, ಅದು ಹಿಗ್ಗುತ್ತದೆ. ಗಟ್ಟಿ ಚರ್ಮದ್ದಾದರೆ ದೊಡ್ಡದು. ಮಕ್ಕಳಿಗೆ ಮಕ್ಕಳ ಸೈಜೇ ಬೇಕು, ದೊಡ್ಡವರ ಸ್ಮಾಲ್ ಹೊಂದುವುದಿಲ್ಲ.

ಇನ್ನೊಂದು ಮಾತು. ಗ್ಲೌಸ್ ಹಾಕುವುದು ಹೆದೆ ಎಳೆಯುವ ಕೈಗೆ, ಬಿಲ್ಲು ಹಿಡಿಯುವ ಕೈಗಲ್ಲ. ಬಲಗೈಯವರಿಗೆ ಬಲಗೈಯದೇ. ಆರ್ಡರ್ ಮಾಡುವಾಗ ಇಲ್ಲಿ ತಪ್ಪುವವರು ಬಹಳ.

ಯಾವ ಚರ್ಮ?

ಹಸುವಿನ ಚರ್ಮದ್ದು ಸುಲಭಕ್ಕೆ ಸಿಗುತ್ತದೆ, ಬೆಲೆಯೂ ಕಮ್ಮಿ. ಮೊದಲ ವಾರ ಬಿರುಸು, ಆಮೇಲೆ ಕೈಗೆ ಹೊಂದುತ್ತದೆ. ಶುರು ಮಾಡುವವರಿಗೆ ಇದೇ ಸಾಕು. ಮೇಕೆ ಚರ್ಮ ತೆಳ್ಳಗೆ, ಮಿದುವಾಗಿರುತ್ತದೆ, ಹಗುರ ಬಿಲ್ಲಿಗೆ ಚೆನ್ನ. ಕಾರ್ಡೋವನ್ ಅಂತ ಬರುತ್ತದಲ್ಲ, ಅದು ಕುದುರೆಯ ಹಿಂಭಾಗದ ಚರ್ಮ. ಗಾಜಿನಷ್ಟು ನುಣುಪು, ಬೇಗ ಗೆರೆ ಬೀಳದು, ವರ್ಷಗಟ್ಟಲೆ ಬಾಳುತ್ತದೆ. ಬೆಲೆ ಜಾಸ್ತಿ, ಪಳಗಲು ಸಮಯವೂ ಜಾಸ್ತಿ.

ಜಿಂಕೆ ಚರ್ಮದ ಗ್ಲೌಸು ವಿದೇಶಿ ಬಿಲ್ಲುಗಾರರಿಗೆ ಅಚ್ಚುಮೆಚ್ಚು. ಹಾಕಿದ ಮೊದಲ ದಿನವೇ ಹಾಯಾಗಿರುತ್ತದೆ, ಅಷ್ಟೇ ಬೇಗ ಸವೆಯುತ್ತದೆ. ಆದರೆ ಕೊಪ್ಪಳದ ಹೊಲಗಳಲ್ಲಿ ಕೃಷ್ಣಮೃಗ ಓಡಾಡುವ ಕಡೆ ಇದ್ದೇವೆ ಅಂತ ಯಾರಾದರೂ ‘ಇಲ್ಲೇ ಚರ್ಮ ಕೊಡಿಸ್ತೀನಿ’ ಅಂದರೆ ಅಲ್ಲಿಂದ ಎದ್ದು ಬನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಮಹಾಭಾರತದ ವೀರರು ಉಡದ ಚರ್ಮವನ್ನು ಬೆರಳಿಗೆ ಕಟ್ಟಿಕೊಳ್ಳುತ್ತಿದ್ದರು ಅನ್ನುವುದೂ ನಿಜ. ಇವತ್ತು ಉಡ ಮುಟ್ಟಿದರೆ ಅರಣ್ಯ ಇಲಾಖೆಯವರು ಬರುತ್ತಾರೆ.

ಸಿಂಥೆಟಿಕ್ ಬಟ್ಟೆಯ ಗ್ಲೌಸು ನಮ್ಮ ಸೆಕೆಗೆ ಬೇಡ ಅನ್ನುತ್ತೇನೆ. ಒಳಗೆ ಬೆವರು ನಿಂತು ಬೆರಳು ಜಾರುತ್ತದೆ.

ಹಾಕಿ ನೋಡುವುದು

ಪಾರ್ಸೆಲ್ ಬಂದ ಕೂಡಲೇ ಬಿಲ್ಲು ಎತ್ತಬೇಡಿ. ಚರ್ಮದ ಮೇಲೆ ಹೆದೆಯ ಗುರುತು ಬಿದ್ದರೆ ವಾಪಸ್ ತಗೊಳ್ಳುವುದು ಅನುಮಾನ. ಮೊದಲು ಉಗುರು ಕತ್ತರಿಸಿ. ಉದ್ದ ಉಗುರಿಗೆ ಯಾವ ಗ್ಲೌಸೂ ಆರಾಮ ಅನಿಸದು.

ಈಗ ಹಾಕಿಕೊಂಡು ಮೂರು ಬೆರಳನ್ನು ಕೊಡದ ಕಂಠಕ್ಕೆ ಹಾಕಿ ಎತ್ತುವ ಹಾಗೆ ಕೊಕ್ಕೆ ಮಾಡಿ. ಬೆರಳು ನೆಟ್ಟಗಿದ್ದಾಗ ಸರಿ ಅನಿಸಿದ್ದು ಮಡಚಿದಾಗ ಕೈಕೊಡುತ್ತದೆ. ಆ ಸ್ಥಿತಿಯಲ್ಲೇ ಇನ್ನೊಂದು ಕೈಯಿಂದ ತುದಿಯನ್ನು ಚಿವುಟಿ ನೋಡಿ. ಬೆರಳಿಗೂ ಚರ್ಮಕ್ಕೂ ನಡುವೆ ಖಾಲಿ ಜಾಗ ಎರಡು ಮೂರು ಮಿಲಿಮೀಟರ್‌ಗಿಂತ ಹೆಚ್ಚಿದ್ದರೆ ಅದು ದೊಡ್ಡದಾಯಿತು. ಬಾಣ ಬಿಡುವ ಗಳಿಗೆಯಲ್ಲಿ ಆ ಖಾಲಿ ತುದಿ ಮಡಚಿಕೊಂಡು ಹೆದೆಗೆ ಅಡ್ಡ ಬರುತ್ತದೆ.

ಪ್ರತಿ ಟೊಪ್ಪಿಯನ್ನೂ ಮೆಲ್ಲಗೆ ಎಳೆಯಿರಿ. ಸುಲಭಕ್ಕೆ ಕಳಚಿಬಂದರೆ ಸಡಿಲ. ಎಡಕ್ಕೆ ಬಲಕ್ಕೆ ತಿರುಚಿ, ಬೆರಳ ಸುತ್ತ ತಿರುಗಿದರೂ ಸಡಿಲವೇ. ಐದು ನಿಮಿಷ ಹಾಗೇ ಹಾಕಿಕೊಂಡು ಕೂತಿರಿ. ತೆಗೆದಾಗ ಬೆರಳ ತುದಿ ಕೆಂಪಗೆ ಕಂದಿದ್ದರೆ ಅಥವಾ ಜೋಮು ಹಿಡಿದಿದ್ದರೆ ಬಿಗಿ.

ಹೊಲಿಗೆ ಎಲ್ಲಿದೆ ನೋಡಿ. ಬೆರಳಿನ ಹಿಂದೆ ಅಥವಾ ಪಕ್ಕದಲ್ಲಿ ಇರಬೇಕು. ಹೆದೆ ಕೂರುವ ಕಡೆ ಹೊಲಿಗೆ ಹಾದುಹೋಗಿದ್ದರೆ ಎಷ್ಟೇ ಅಗ್ಗ ಇದ್ದರೂ ಬೇಡ. ಆ ದಾರ ಒಳಗಿಂದ ಬೆರಳನ್ನು ಕೊರೆಯುತ್ತದೆ, ಹೊರಗಿಂದ ಹೆದೆ ಅದನ್ನು ಹರಿಯುತ್ತದೆ.

ಒಂದು ರೂಪಾಯಿ ನಾಣ್ಯ ತಗೊಂಡು ಅದರ ಅಂಚನ್ನು ಗ್ಲೌಸಿನ ತುದಿಗೆ ಒತ್ತಿ. ಕಣ್ಣು ಮುಚ್ಚಿದ್ದರೂ ಅಂಚು ಎಲ್ಲಿದೆ ಅಂತ ತಿಳಿಯಬೇಕು, ಚುಚ್ಚಬಾರದು. ಏನೂ ತಿಳಿಯದಿದ್ದರೆ ಚರ್ಮ ದಪ್ಪವಾಯಿತು.

ಸೈಜು ಸರಿ ಇದೆ, ಇಟ್ಟುಕೊಳ್ಳುತ್ತೇನೆ ಅಂತ ತೀರ್ಮಾನ ಆದ ಮೇಲೆ ಬಕೆಟ್ ಪರೀಕ್ಷೆ. ಬಕೆಟ್ಟಿನಲ್ಲಿ ಹತ್ತು ಲೀಟರ್ ನೀರು ತುಂಬಿ. ಹತ್ತು ಕೆಜಿ ಅಂದರೆ 22 ಪೌಂಡ್, ಹಗುರ ಬಿಲ್ಲಿನಷ್ಟು. ಹಿಡಿಕೆಗೆ ಪೆನ್ಸಿಲಿಗಿಂತ ಸಣ್ಣ ನೈಲಾನ್ ಹಗ್ಗದ ಕುಣಿಕೆ ಕಟ್ಟಿ, ಅದನ್ನು ಬೆರಳ ತುದಿಯ ಗೆಣ್ಣಿನ ಮಡಿಕೆಯಲ್ಲಿ ಕೂರಿಸಿ, ನಿಧಾನಕ್ಕೆ ಎತ್ತಿ ಹತ್ತು ಎಣಿಸಿ. ನೋವು ಎಲ್ಲಿ ಬಂತು ಅನ್ನುವುದೇ ಉತ್ತರ. ಮಡಿಕೆಯಲ್ಲಿ ಗೆರೆ ಕೊರೆದ ಹಾಗಾದರೆ ಚರ್ಮ ತೆಳು. ಉಗುರಿನ ಬುಡ ನೋಯುತ್ತಿದ್ದರೆ ಗ್ಲೌಸ್ ಬಿಗಿ, ಇಲ್ಲಾಂದ್ರೆ ಹಗ್ಗ ತೀರಾ ತುದಿಗೆ ಜಾರಿದೆ. ಉಂಗುರಬೆರಳು ಮಾತ್ರ ಬಿಚ್ಚಿಕೊಳ್ಳುತ್ತಿದ್ದರೆ ಗ್ಲೌಸಿನ ತಪ್ಪಲ್ಲ, ಆ ಬೆರಳಿಗೆ ಇನ್ನೂ ಬಲ ಬರಬೇಕು.

ಪಟ್ಟಿ, ಬೆಲ್ಟು, ಕೆಂಪು ಧೂಳು

ಮುಷ್ಟಿ ಹಿಡಿದಾಗ ಹಿಂಗೈ ಪಟ್ಟಿಗಳು ಬೆರಳನ್ನು ಹಿಂದಕ್ಕೆ ಎಳೆಯಬಾರದು. ಎಳೆದರೆ ಪಟ್ಟಿ ಗಿಡ್ಡ. ಮಣಿಕಟ್ಟಿನ ಬೆಲ್ಟು ಬಿಗಿಯಬೇಕಾಗಿಲ್ಲ, ಗ್ಲೌಸ್ ಬೀಳದಿದ್ದರೆ ಸಾಕು.

ವೆಲ್ಕ್ರೋ ಬೆಲ್ಟು ಹಾಕಲು ಸಲೀಸು. ಆದರೆ ಸಂಡೂರು, ಹೊಸಪೇಟೆ ಕಡೆಯ ಅದಿರಿನ ಕೆಂಪು ಧೂಳು ಅದರೊಳಗೆ ಹೊಕ್ಕರೆ ಕೆಲವೇ ತಿಂಗಳಲ್ಲಿ ಹಿಡಿತ ಬಿಡುತ್ತದೆ. ಹಳೆ ಟೂತ್‌ಬ್ರಷ್‌ನಿಂದ ಆಗಾಗ ಉಜ್ಜಿ. ಟಿಚ್ ಬಟನ್ ಅಥವಾ ಬಕಲ್ ಇದ್ದರೆ ಈ ರಗಳೆ ಇಲ್ಲ. ಪಟ್ಟಿ ಉದ್ದ ಮಾಡಿಸಲು, ಬಟನ್ ಹಾಕಿಸಲು ಬಳ್ಳಾರಿಯವರಿಗೆ ಚಿಂತೆಯೇ ಬೇಡ. ಜೀನ್ಸ್ ಹೊಲಿಯುವ ಊರು. ದಪ್ಪ ಬಟ್ಟೆಯ ಮಷಿನ್ ಇರುವ ಟೈಲರ್ ಹತ್ತಿರ ಹೋದರೆ ಐದು ನಿಮಿಷದ ಕೆಲಸ. ಹೆದೆ ತಾಗುವ ಕಡೆ ಮಾತ್ರ ಜೀನ್ಸ್ ತುಂಡು ಹಾಕಿಸಬೇಡಿ, ಬಟ್ಟೆ ಹೆದೆಯನ್ನು ಹಿಡಿದು ನಿಲ್ಲಿಸುತ್ತದೆ.

ಮೊದಲ ವಾರ

ಹೊಸ ಗ್ಲೌಸಿನಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ಬಾಣ ಸಾಕು. ಗುರಿ ಹತ್ತಿರ ಇರಲಿ, ಐದಾರು ಮೀಟರ್. ಚರ್ಮ ಪಳಗಿಸುವ ನೆಪದಲ್ಲಿ ಬಾಣ ಇಲ್ಲದೆ ಹೆದೆ ಎಳೆದು ಬಿಡಬೇಡಿ, ಬಿಲ್ಲು ಸೀಳಿಹೋಗಬಹುದು. ಹೆದೆಯನ್ನು ಪ್ರತಿ ಸಲ ಒಂದೇ ಮಡಿಕೆಯಲ್ಲಿ ಕೂರಿಸಿ. ಅಲ್ಲಿ ತೆಳುವಾದ ಗೆರೆ ಮೂಡುತ್ತದೆ. ಆ ಗೆರೆ ನಿಮಗೆ ಬೇಕಾದದ್ದೇ.

ತೋರುಬೆರಳು, ನಡುಬೆರಳು ಎದುರುಬದುರಾಗುವ ಕಡೆ ಗುಳ್ಳೆ ಎದ್ದರೆ ಗ್ಲೌಸನ್ನು ಬಯ್ಯಬೇಡಿ. ಬಾಣದ ಹಿಂದಿನ ಕಚ್ಚನ್ನು ಎರಡು ಬೆರಳ ನಡುವೆ ಹಿಂಡುತ್ತಿದ್ದೀರಿ. ಸ್ವಲ್ಪ ಸಂದು ಬಿಡಿ. ಬಾಣ ಹೆದೆಗೆ ತಾನೇ ಕಚ್ಚಿಕೊಂಡಿರುತ್ತದೆ, ಹಿಡಿದಿಡಬೇಕಾಗಿಲ್ಲ. ಮೂರೂ ಬೆರಳನ್ನು ಬಾಣದ ಕೆಳಗೇ ಇಟ್ಟು ಎಳೆಯುವ ಪದ್ಧತಿಯೂ ಇದೆ, ಅದರಲ್ಲಿ ಈ ತಕರಾರು ಇಲ್ಲ.

ಅಭ್ಯಾಸ ಮುಗಿದ ಮೇಲೂ ಬೆರಳ ತುದಿ ಜೋಮು ಹಿಡಿದೇ ಇದ್ದರೆ ಕೆಲವು ದಿನ ಬಿಲ್ಲು ಮುಟ್ಟಬೇಡಿ. ಆಮೇಲೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಅದು ನರಕ್ಕೆ ಸಂಬಂಧಿಸಿದ್ದಿರಬಹುದು, ಜಡ್ಡುಗಟ್ಟಿದರೆ ಸರಿಹೋಗುತ್ತದೆ ಅನ್ನುವವರ ಮಾತು ಕೇಳಬೇಡಿ.

ಬೆವರು, ಎಣ್ಣೆ, ಮಿರ್ಚಿ

ಬೆವರಿನ ಉಪ್ಪು ಚರ್ಮವನ್ನು ಬಿರುಸು ಮಾಡುತ್ತದೆ. ಹಾಕಿಕೊಳ್ಳುವ ಮುಂಚೆ ಕೈ ಒರೆಸಿ, ಬೆರಳಿಗೆ ಚಿಟಿಕೆ ಟಾಲ್ಕಂ ಪೌಡರ್ ಹಚ್ಚಿ. ಮುಗಿದ ಮೇಲೆ ನೆರಳಲ್ಲಿ, ಫ್ಯಾನಿನ ಕೆಳಗೆ ಒಣಗಲಿ. ಬಿಸಿಲಿಗೆ ಬೈಕಿನ ಸೀಟಿನ ಮೇಲೆ ಎಸೆದರೆ ನಮ್ಮ ಕಡೆಯ ಬಿಸಿಲಲ್ಲಿ ಸೆಟೆದುಕೊಂಡು ಸೀಳು ಬಿಡುತ್ತದೆ.

ಮೆತ್ತಗಾಗಲಿ ಅಂತ ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಹೆದೆ ಕೂರುವ ಕಡೆ ಮಾತ್ರ ಬೇಡವೇ ಬೇಡ. ಚರ್ಮ ಮೆದುವಾಗಿ ಗೆರೆ ಆಳವಾಗುತ್ತದೆ, ಧೂಳೂ ಅಂಟುತ್ತದೆ. ಲೆದರ್ ಕ್ರೀಮ್ ಇದ್ದರೆ ಪಟ್ಟಿಗಳಿಗೆ ಸ್ವಲ್ಪ ಹಚ್ಚಿ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದ ಕೈಯಲ್ಲಂತೂ ಗ್ಲೌಸ್ ಮುಟ್ಟಬೇಡಿ. ಎಣ್ಣೆ ಹೋಗಲಿ, ಆ ಖಾರದ ಬೆರಳಿಂದ ಕಣ್ಣು ಒರೆಸಿಕೊಂಡರೆ ಅವತ್ತಿನ ಅಭ್ಯಾಸ ಅಲ್ಲಿಗೆ ಮುಗಿಯಿತು.

ತಿಂಗಳಿಗೊಮ್ಮೆ ಗೆರೆಯ ಮೇಲೆ ಉಗುರು ಎಳೆದು ನೋಡಿ. ಉಗುರು ಅಂಚಿಗೆ ಸಿಕ್ಕಿಕೊಂಡರೆ ಹೆದೆಯೂ ಸಿಕ್ಕಿಕೊಳ್ಳುತ್ತಿದೆ ಅಂತಲೇ ಲೆಕ್ಕ. ಆಗ ಬದಲಿಸಿ. ಸ್ಪರ್ಧೆಯೋ, ಹಬ್ಬದ ಪಂದ್ಯವೋ ಹತ್ತಿರ ಇದ್ದರೆ ಅದಕ್ಕೂ ಮುಂಚೆಯೇ ಅದೇ ಕಂಪನಿಯ ಅದೇ ಸೈಜಿನ ಇನ್ನೊಂದು ತರಿಸಿ, ವಾರಕ್ಕೆ ಒಂದು ದಿನ ಹೊಸದರಲ್ಲಿ ಬಾಣ ಬಿಡುತ್ತಾ ಬನ್ನಿ. ಹಳೆಯದು ಕೈಕೊಡುವ ಹೊತ್ತಿಗೆ ಅದು ಪಳಗಿರುತ್ತದೆ.