ಡಿಸ್ನಿ ವರ್ಲ್ಡ್‌ನಲ್ಲಿ ನಾಲ್ಕು ದಿನ, ಒಬ್ಬಳೇ

"ಒಬ್ಬಳೇ ಹೋಗ್ತೀಯಾ? ಅದು ಮಕ್ಕಳನ್ನು ಕರ್ಕೊಂಡು ಹೋಗೋ ಜಾಗ ಅಲ್ವೇನೇ?" ಮೈಸೂರಿನಿಂದ ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಆಫೀಸ್ ಕೆಲಸಕ್ಕೆ ಅಮೆರಿಕದ ಒರ್ಲ್ಯಾಂಡೊಗೆ ಹೋಗಿದ್ದೆ, ಡಿಸ್ನಿ ವರ್ಲ್ಡ್ ಇರೋದು ಅದರ ಪಕ್ಕದಲ್ಲೇ, ಅಷ್ಟು ದೂರ ಹೋಗಿ ಸುಮ್ನೆ ವಾಪಸ್ ಬರೋದಾ ಅಂತ ನಾಲ್ಕು ದಿನ ರಜೆ ಹಾಕಿದೆ.

ಉಳಿದಿದ್ದು ಪಾಪ್ ಸೆಂಚುರಿಯಲ್ಲಿ. ಡಿಸ್ನಿಯ ಅಗ್ಗದ ಹೋಟೆಲುಗಳಲ್ಲಿ ಅದೂ ಒಂದು, ಆದರೆ ರೂಮಿಗೆ ಒಬ್ಬರಿದ್ದರೂ ಇಬ್ಬರಿದ್ದರೂ ಒಂದೇ ಬಾಡಿಗೆ. ನಾನು ಅದನ್ನು ಆರಿಸಿದ್ದು ಸ್ಕೈಲೈನರ್‌ಗಾಗಿ. ಹೋಟೆಲ್ ಪಕ್ಕದಲ್ಲೇ ಕೇಬಲ್ ಕಾರ್ ಹತ್ತಿದರೆ ಎಪ್ಕಾಟ್ ಪಾರ್ಕಿಗೋ ಹಾಲಿವುಡ್ ಸ್ಟುಡಿಯೋಸ್ ಪಾರ್ಕಿಗೋ ಹೋಗಬಹುದು, ರಾತ್ರಿ ಟ್ಯಾಕ್ಸಿಗೆ ಕಾಯುತ್ತಾ ನಿಲ್ಲುವ ತಾಪತ್ರಯ ಇಲ್ಲ. ಸಿಡಿಲು ಬಂದರೆ ಮಾತ್ರ ಅದನ್ನು ನಿಲ್ಲಿಸುತ್ತಾರೆ, ಆಗ ಬಸ್ಸೇ ಗತಿ.

ಒಬ್ಬಳೇ ಹೋಗಿದ್ದಕ್ಕೆ ಖುಷಿಯಾಗಿದ್ದು ಅನಿಮಲ್ ಕಿಂಗ್‌ಡಮ್ ಪಾರ್ಕಿನ ಎಕ್ಸ್‌ಪೆಡಿಷನ್ ಎವರೆಸ್ಟ್ ಅನ್ನೋ ರೋಲರ್ ಕೋಸ್ಟರ್ ಮುಂದೆ. ಬೋರ್ಡ್‌ನಲ್ಲಿ 60 ನಿಮಿಷ ಕಾಯಬೇಕು ಅಂತಿತ್ತು. ಪಕ್ಕದಲ್ಲೇ ಸಿಂಗಲ್ ರೈಡರ್ ಸಾಲು, ಅಂದರೆ ಜೊತೆಯಾಗಿ ಬಂದವರು ಕೂತು ಉಳಿದ ಒಂಟಿ ಸೀಟಿಗೆ ನಮ್ಮನ್ನು ಕೂರಿಸುತ್ತಾರೆ. ಹದಿನೈದು ನಿಮಿಷದಲ್ಲಿ ಯಾರದೋ ಅಜ್ಜನ ಪಕ್ಕ ಕೂತು ಕಿರುಚುತ್ತಿದ್ದೆ! ಎಲ್ಲ ರೈಡಿಗೂ ಈ ಸಾಲು ಇರಲ್ಲ, ಮೊದಲೇ ನೋಡಿಕೊಳ್ಳಿ.

ಫೋಟೋ ತೆಗೆಯೋರು ಯಾರು ಅನ್ನೋ ಚಿಂತೆ ಬೇಡ. ಅಲ್ಲಿ ಫೋಟೋ ತೆಗೆಯೋಕೇ ಇರುವ ಡಿಸ್ನಿಯ ಫೋಟೋಪಾಸ್ ಹುಡುಗ ಹುಡುಗಿಯರಿಗೆ ಫೋನ್ ಕೊಟ್ಟರೆ ಅದರಲ್ಲೂ ದುಡ್ಡಿಲ್ಲದೆ ತೆಗೆದುಕೊಡುತ್ತಾರೆ. ಟಿಕೆಟ್, ಊಟದ ಆರ್ಡರ್, ಮ್ಯಾಪ್ ಎಲ್ಲಾ ಫೋನಿನಲ್ಲೇ ಇರೋದರಿಂದ ಪವರ್ ಬ್ಯಾಂಕ್ ಮರೆತರೆ ಕೈ ಕಾಲು ಕಟ್ಟಿದ ಹಾಗೆ. ಲೊಕೇಶನ್ ತಂಗಿಗೆ ಶೇರ್ ಮಾಡಿದ್ದೆ. ರಾತ್ರಿ ರೂಮಿನ ಒಳಚಿಲಕ ಹಾಕಿದ ಮೇಲೇ ಬ್ಯಾಗ್ ಕೆಳಗಿಡುತ್ತಿದ್ದೆ.

ಒಬ್ಬಳೇ ಊಟಕ್ಕೆ ಕೂರಲು ಮುಜುಗರ ಇತ್ತು, ನಿಜ. ಡಿಸ್ನಿಯದೇ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನಲ್ಲಿರುವ ಸನಾ ರೆಸ್ಟೋರೆಂಟಿನಲ್ಲಿ ಅದು ಹೋಯಿತು. ನಾನ್, ಕುಲ್ಚಾ, ಜೊತೆಗೆ ಒಂಬತ್ತು ಪುಟ್ಟ ಬಟ್ಟಲುಗಳಲ್ಲಿ ಚಟ್ನಿ, ರಾಯತ. ಕಿಟಕಿಯಾಚೆ ಜಿರಾಫೆ ಸೊಪ್ಪು ಮೇಯುತ್ತಿತ್ತು, ಇನ್ಯಾರ ಮಾತು ಬೇಕು? ಒಬ್ಬರಿಗೆ ಜಾಸ್ತಿಯೇ, ಉಳಿದದ್ದು ರಾತ್ರಿಗಾಯಿತು.

ಎಡವಟ್ಟು ಮಾಡಿಕೊಂಡಿದ್ದು ಕಾಲಿ ರಿವರ್ ರಾಪಿಡ್ಸ್ ಅನ್ನೋ ನೀರಿನ ರೈಡಿನಲ್ಲಿ. ಹನ್ನೆರಡು ಜನರ ದುಂಡನೆ ತೆಪ್ಪ, ಯಾರ ಮೇಲೆ ನೀರು ಬೀಳುತ್ತೋ ಗೊತ್ತಾಗಲ್ಲ. ಬಿದ್ದಿದ್ದು ನನ್ನ ಮೇಲೇ. ಶೂ ಪೂರ್ತಿ ನೆನೆಯಿತು, ಅದರಲ್ಲೇ ಸಂಜೆವರೆಗೆ ನಡೆದು ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಬ್ಯಾಗಿನಲ್ಲಿ ಒಂದು ಜೊತೆ ಚಪ್ಪಲಿ ಇದ್ದಿದ್ದರೆ ಸಾಕಿತ್ತು.

ರಾತ್ರಿ 9ಕ್ಕೆ ಅಮ್ಮನಿಗೆ ವಿಡಿಯೋ ಕಾಲ್ ಮಾಡುತ್ತಿದ್ದೆ, ಅಲ್ಲಿ ಬೆಳಗ್ಗೆ ಆರೂವರೆ, ಕಾಫಿ ಹೊತ್ತು. ಅವತ್ತು ಹೇರ್ ಡ್ರೈಯರ್ ಶೂ ಒಳಗಿಟ್ಟುಕೊಂಡೇ ಮಾತಾಡಿದೆ. "ಏನೇ ಅದು ಸದ್ದು, ಮಿಕ್ಸಿನಾ?" ಅಂದರು.