ಮನೆಯಲ್ಲೇ ತಾಜಾ ತರಕಾರಿ, ಹಣ್ಣಿನ ರಸ: ಮಾಡುವ ಕ್ರಮ ಮತ್ತು ವಹಿಸಬೇಕಾದ ಎಚ್ಚರ

ರಸವನ್ನು ಮನೆಯಲ್ಲಿಯೇ ತಯಾರಿಸಿಕೊಂಡರೆ ತರಕಾರಿಯ ಆಯ್ಕೆ, ನೀರಿನ ಶುದ್ಧಿ, ಸಕ್ಕರೆಯ ಪ್ರಮಾಣ ಎಲ್ಲವೂ ನಮ್ಮ ಕೈಯಲ್ಲೇ ಇರುತ್ತವೆ. ಈ ಅನುಕೂಲವನ್ನು ಪೂರ್ತಿಯಾಗಿ ಬಳಸಿಕೊಳ್ಳಬೇಕಾದರೆ ಲೋಟದಲ್ಲಿ ತರಕಾರಿ ಹೆಚ್ಚಾಗಿ ಹಣ್ಣು ಕಡಿಮೆಯಿರಬೇಕು, ಸಾಧ್ಯವಾದಷ್ಟೂ ಸೋಸದೆ ಕುಡಿಯಬೇಕು, ಮಾಡಿದ್ದನ್ನು ಕೂಡಲೇ ಮುಗಿಸಬೇಕು. ಒಂದು ಲೋಟ ಕಿತ್ತಳೆ ರಸಕ್ಕೆ ಮೂರು ನಾಲ್ಕು ಹಣ್ಣುಗಳು ಬೇಕಾಗುತ್ತವೆ. ಅಷ್ಟನ್ನೂ ತೊಳೆ ಬಿಡಿಸಿ ತಿನ್ನಲು ಕುಳಿತರೆ ಎರಡನೆಯ ಹಣ್ಣಿಗೇ ಸಾಕೆನಿಸುತ್ತದೆ. ಆದರೆ ನಾರು ತೆಗೆದ ರಸವನ್ನು ಎರಡು ನಿಮಿಷದಲ್ಲಿ ಕುಡಿದುಬಿಡುತ್ತೇವೆ, ಅದರ ಸಕ್ಕರೆ ಬೇಗನೆ ರಕ್ತಕ್ಕೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರಡಿಸಿದ ಮಾರ್ಗಸೂಚಿ ಹಣ್ಣಿನ ರಸದಲ್ಲಿ ಸಹಜವಾಗಿರುವ ಸಕ್ಕರೆಯನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ. ಆದ್ದರಿಂದ ರಸವನ್ನು ಊಟಕ್ಕೆ ಬದಲಿ ಎಂದು ಭಾವಿಸದೆ, ದಿನಕ್ಕೆ ಸುಮಾರು 150 ಮಿಲಿಲೀಟರಿನ ಒಂದು ಸಣ್ಣ ಲೋಟಕ್ಕೆ ಮಿತಿಗೊಳಿಸುವುದು ಒಳ್ಳೆಯದು.

ಇದಕ್ಕಾಗಿ ದುಬಾರಿ ಯಂತ್ರ ಕೊಳ್ಳಬೇಕಾಗಿಲ್ಲ. ಮನೆಯ ಮಿಕ್ಸಿ, ಒಂದು ಸ್ಟೀಲ್ ಜರಡಿ, ಶುಭ್ರವಾದ ತೆಳು ಹತ್ತಿಬಟ್ಟೆ ಇದ್ದರೆ ಸಾಕು. ನಾರನ್ನು ಪೂರ್ತಿ ಬೇರ್ಪಡಿಸುವ ಜ್ಯೂಸರ್‌ಗಿಂತ ಮಿಕ್ಸಿಯೇ ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ನುಣ್ಣಗೆ ರುಬ್ಬಿ ದೊಡ್ಡ ಕಣ್ಣಿನ ಜರಡಿಯಲ್ಲಿ ಹಾಯಿಸಿದರೆ ನಾರಿನ ಬಹುಪಾಲು ಲೋಟದಲ್ಲೇ ಉಳಿಯುತ್ತದೆ. ಹುಳಿ ರಸಗಳನ್ನು ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಇಡಬಾರದು. ಹುಳಿಗೆ ಲೋಹ ಕರಗುವುದಲ್ಲದೆ ಸಿ ಜೀವಸತ್ವವೂ ಬೇಗ ನಷ್ಟವಾಗುತ್ತದೆ. ಹಸಿಯಾಗಿಯೇ ಕುಡಿಯುವುದರಿಂದ ತೊಳೆಯುವ ಕೆಲಸದಲ್ಲಿ ಅವಸರ ಸಲ್ಲದು. ಸಿಪ್ಪೆ ತೆಗೆಯುವ ಮುನ್ನವೇ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು, ಇಲ್ಲವಾದರೆ ಮೇಲಿನ ಮಣ್ಣು ಚಾಕುವಿನ ಮೂಲಕ ಒಳಗಿನ ತಿರುಳಿಗೆ ಸೇರುತ್ತದೆ. ಬೆರೆಸುವ ನೀರು ಕುದಿಸಿ ಆರಿಸಿದ್ದಾಗಿರಲಿ, ಮಂಜುಗಡ್ಡೆ ಹಾಕುವುದಾದರೆ ಅದನ್ನೂ ಅದೇ ನೀರಿನಿಂದ ಮಾಡಿರಿ.

ಹೊಸದಾಗಿ ಆರಂಭಿಸುವವರಿಗೆ ಬೂದುಗುಂಬಳದ ರಸ ಅತ್ಯಂತ ಸೂಕ್ತ. ಅದರಲ್ಲಿ ಶೇಕಡಾ 95ಕ್ಕೂ ಹೆಚ್ಚು ನೀರಿನಂಶವೇ ಇರುವುದರಿಂದ ಸಕ್ಕರೆ ತೀರಾ ಕಡಿಮೆ, ಹೊಟ್ಟೆಗೂ ಹಗುರ. ಅಂಗಡಿಯಲ್ಲಿ ಹೋಳು ಮಾಡಿಟ್ಟದ್ದನ್ನು ಕೊಳ್ಳುವುದಾದರೆ ಕತ್ತರಿಸಿದ ಮೈ ಲೋಳೆಯಾಗಿಲ್ಲವೆಂಬುದನ್ನು ಮುಟ್ಟಿ ನೋಡಬೇಕು. ಸಣ್ಣ ಇಡೀ ಕಾಯಿ ಸಿಕ್ಕರೆ ಅದೇ ಉತ್ತಮ. ಒಬ್ಬರಿಗೆ 200ರಿಂದ 250 ಗ್ರಾಂ ಹೋಳು ಸಾಕು. ಮೇಲಿನ ಬಿಳಿ ಬೂದಿಯನ್ನು ತೊಳೆದು, ಸಿಪ್ಪೆಯನ್ನು ದಪ್ಪವಾಗಿ ಹೆರೆದು, ಬೀಜವನ್ನೂ ನಡುವಿನ ಮೆತ್ತನೆಯ ಭಾಗವನ್ನೂ ತೆಗೆದು, ಸಣ್ಣಗೆ ಹೆಚ್ಚಿ ನೀರು ಹಾಕದೆಯೇ ರುಬ್ಬಬೇಕು. ಮೊದಲು ಬ್ಲೇಡು ಸುಮ್ಮನೆ ತಿರುಗಿದಂತೆ ಕಾಣಬಹುದು. ಒಂದೆರಡು ಸಲ ನಿಲ್ಲಿಸಿ ಚಮಚದಿಂದ ಕೆಳಗೆ ತಳ್ಳಿದರೆ ಹೋಳುಗಳು ತಮ್ಮದೇ ನೀರಿನಲ್ಲಿ ನುಣ್ಣಗಾಗುತ್ತವೆ. ಜರಡಿಯಲ್ಲಿ ಹಾಯಿಸಿ, ಚಿಟಿಕೆ ಉಪ್ಪು, ಸ್ವಲ್ಪ ಕಾಳುಮೆಣಸಿನ ಪುಡಿ, ನಾಲ್ಕು ಹನಿ ನಿಂಬೆರಸ ಬೆರೆಸಿ ಕುಡಿಯಿರಿ.

ಸೋರೆಕಾಯಿಯ ರಸವನ್ನೂ ಹೀಗೆಯೇ ಮಾಡುತ್ತಾರೆ, ಆದರೆ ಅಲ್ಲಿ ಒಂದು ಎಚ್ಚರಿಕೆಯನ್ನು ಎಂದಿಗೂ ಮರೆಯಬಾರದು. ಕತ್ತರಿಸಿದ ಕೂಡಲೇ ಒಂದು ಚೂರನ್ನು ನಾಲಿಗೆಯ ಮೇಲಿಟ್ಟು ನೋಡಬೇಕು. ಸ್ವಲ್ಪ ಕಹಿಯೆನಿಸಿದರೂ ಉಗುಳಿ, ಇಡೀ ಕಾಯಿಯನ್ನು ಎಸೆದುಬಿಡಬೇಕು. ಆ ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ಎಂಬ ಸಸ್ಯವಿಷ ಬೇಯಿಸಿದರೂ ಹೋಗುವುದಿಲ್ಲ. ಕಹಿ ಸೋರೆಕಾಯಿಯ ರಸ ಕುಡಿದು ವಾಂತಿ, ಭೇದಿ, ರಕ್ತವಾಂತಿ, ರಕ್ತದೊತ್ತಡದ ಕುಸಿತಕ್ಕೆ ಒಳಗಾದವರಿದ್ದಾರೆ. ನಮ್ಮ ದೇಶದಲ್ಲಿ ಸಾವುಗಳೂ ಸಂಭವಿಸಿವೆ. ಕಹಿಯಾದದ್ದೆಲ್ಲ ಔಷಧಿ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿರುವುದರಿಂದಲೇ ಜನರು ಮುಖ ಕಿವುಚಿಕೊಂಡಾದರೂ ಕುಡಿದು ಮುಗಿಸುತ್ತಾರೆ ಎಂಬುದು ನನಗೆ ತುಂಬಾ ಆತಂಕದ ವಿಷಯ. ಹಾಗಲಕಾಯಿಯ ಸಹಜ ಕಹಿ ಬೇರೆ, ಸಪ್ಪೆಯಾಗಿರಬೇಕಾದ ಸೋರೆಕಾಯಿಯ ಕಹಿ ಬೇರೆ. ಬೇರೆ ರಸಗಳೊಂದಿಗೆ ಬೆರೆಸಿದ ಮೇಲೆ ಈ ಕಹಿ ಗೊತ್ತಾಗದೆ ಹೋಗಬಹುದು, ಆದ್ದರಿಂದ ರುಚಿ ನೋಡುವುದು ರುಬ್ಬುವ ಮೊದಲೇ ಆಗಬೇಕು. ತಪ್ಪಿ ಕುಡಿದು ಹೊಟ್ಟೆ ತೊಳೆಸಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಕ್ಯಾರೆಟ್ ಮತ್ತು ಬೀಟ್‌ರೂಟಿನ ರಸಕ್ಕೆ ಎರಡು ಮಧ್ಯಮ ಗಾತ್ರದ ಕ್ಯಾರೆಟ್, ಕಾಲು ಭಾಗ ಬೀಟ್‌ರೂಟ್, ಅರ್ಧ ಟೊಮೆಟೊ, ಬೆರಳ ತುದಿಯಷ್ಟು ಶುಂಠಿ, ಅರ್ಧ ಲೋಟ ನೀರು ಬೇಕು. ಬೀಟ್‌ರೂಟಿನ ಮಣ್ಣಿನ ವಾಸನೆ ಹಿಡಿಸದವರು ಅದನ್ನು ಐದು ನಿಮಿಷ ಹಬೆಯಲ್ಲಿ ಬೇಯಿಸಿ ಆರಿಸಿಕೊಳ್ಳಬಹುದು. ದೇಹ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ಕ್ಯಾರೆಟ್ಟಿನ ಬೀಟಾ ಕ್ಯಾರೊಟೀನ್ ಮೈಗೆ ಹತ್ತಬೇಕಾದರೆ ಜೊತೆಗೆ ಸ್ವಲ್ಪ ಜಿಡ್ಡು ಬೇಕಾಗುತ್ತದೆ, ಹಾಗಾಗಿ ಈ ರಸವನ್ನು ತುಪ್ಪ ಹಾಕಿದ ದೋಸೆಯ ಜೊತೆಗೋ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜದ ಜೊತೆಗೋ ತೆಗೆದುಕೊಳ್ಳುವುದು ಲೇಸು. ಮರುದಿನ ಮೂತ್ರ ಕೆಂಪಾಗಿ ಕಂಡರೆ ಅದು ಬೀಟ್‌ರೂಟಿನ ಬಣ್ಣವಿರಬಹುದು. ಬೀಟ್‌ರೂಟ್ ನಿಲ್ಲಿಸಿದ ಮೇಲೂ ಕೆಂಪು ಉಳಿದರೆ ವೈದ್ಯರನ್ನು ಕಾಣಬೇಕು.

ನೆಲ್ಲಿಕಾಯಿಯಲ್ಲಿ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು ಸಿ ಜೀವಸತ್ವವಿದೆ. ಎರಡು ಕಾಯಿಗಳ ಬೀಜ ತೆಗೆದು, ಐದಾರು ಕರಿಬೇವಿನ ಎಲೆ, ಚೂರು ಶುಂಠಿ, ಚಿಟಿಕೆ ಉಪ್ಪು, ಒಂದು ಲೋಟ ನೀರಿನೊಡನೆ ರುಬ್ಬಿ ಸೋಸಬೇಕು. ಇದರ ಒಗರು ಕಡಿಮೆಯಾಗಲೆಂದು ಬೆಲ್ಲ ಸುರಿಯುವುದಕ್ಕಿಂತ ನೀರನ್ನು ಹೆಚ್ಚಿಸಿಕೊಳ್ಳುವುದು ಜಾಣತನ. ರಾಗಿ, ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುವುದರಿಂದ ಈ ರಸವನ್ನು ಖಾಲಿ ಹೊಟ್ಟೆಯಲ್ಲಿ ಕುಡಿಯುವ ಬದಲು ಮುದ್ದೆ ಊಟದ ಜೊತೆಗೆ ಕುಡಿದರೆ ಪ್ರಯೋಜನ ಹೆಚ್ಚು. ರಕ್ತಹೀನತೆಯಿರುವ ಹೆಣ್ಣುಮಕ್ಕಳಿಗೆ ಈ ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ.

ಹಣ್ಣುಗಳಲ್ಲಿ ಕಲ್ಲಂಗಡಿ, ಕರಬೂಜ, ದಾಳಿಂಬೆ ಯಾವುದಾದರೂ ಆದೀತು, ಸಕ್ಕರೆ ಮಾತ್ರ ಬೇಡ. ಮೋಸಂಬಿಯನ್ನು ಮಿಕ್ಸಿಗೆ ಹಾಕಬಾರದು, ಬೀಜ ಮತ್ತು ಬಿಳಿ ಪೊರೆ ಅರೆದುಹೋಗಿ ರಸ ಕಹಿಯಾಗುತ್ತದೆ, ಕೈಯಿಂದಲೇ ಹಿಂಡಬೇಕು. ಹಿಂಡಿದ ರಸವೂ ಇಟ್ಟಷ್ಟು ಹೊತ್ತು ಕಹಿಯಾಗುತ್ತಾ ಹೋಗುತ್ತದೆ.

ಔಷಧಿ ತೆಗೆದುಕೊಳ್ಳುವವರು ಯಾವ ರಸವನ್ನೂ ನಿತ್ಯದ ರೂಢಿ ಮಾಡಿಕೊಳ್ಳುವ ಮೊದಲು ವೈದ್ಯರನ್ನು ಕೇಳಬೇಕು. ಹಸಿ ಪಾಲಕ್ ಮತ್ತು ಬೀಟ್‌ರೂಟಿನಲ್ಲಿ ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಎಂಬ ಅಂಶ ಹೆಚ್ಚಿರುವುದರಿಂದ ಮೂತ್ರಪಿಂಡದಲ್ಲಿ ಕಲ್ಲು ಆಗುವವರಿಗೆ ಅವು ಹಿಡಿಸುವುದಿಲ್ಲ. ಮೂತ್ರಪಿಂಡದ ಕಾಯಿಲೆಯಿರುವವರಂತೂ ಧಾರೆಹುಳಿ ಅಥವಾ ಕರಬಲ ಎನ್ನುವ, ಅಡ್ಡ ಕತ್ತರಿಸಿದರೆ ನಕ್ಷತ್ರದಂತೆ ಕಾಣುವ ಹುಳಿಹಣ್ಣಿನ ರಸವನ್ನು ಮುಟ್ಟಲೇಬಾರದು; ಅದು ಅವರ ಮಿದುಳಿಗೂ ವಿಷವಾಗಬಲ್ಲದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಸೇವಿಸುವವರು ಸೊಪ್ಪಿನ ರಸವನ್ನು ಒಮ್ಮೆಲೇ ಹೆಚ್ಚಿಸಿದರೆ ಅದರಲ್ಲಿನ ಕೆ ಜೀವಸತ್ವದಿಂದ ಔಷಧಿಯ ಪರಿಣಾಮ ತಗ್ಗುತ್ತದೆ. ಒಂದು ವರ್ಷ ತುಂಬದ ಮಗುವಿಗೆ ರಸ ಕೊಡಬೇಕಾಗಿಲ್ಲ.

ಅನಿವಾರ್ಯವಾಗಿ ಇಡಬೇಕಾದರೆ ಗಾಜಿನ ಬಾಟಲಿಯ ಕಂಠದವರೆಗೆ ತುಂಬಿ, ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟು ಅದೇ ದಿನ ಮುಗಿಸಬೇಕು. ಜರಡಿಯಲ್ಲುಳಿದ ಕ್ಯಾರೆಟ್ ಹಿಪ್ಪೆಯನ್ನು ಚಪಾತಿ ಹಿಟ್ಟಿಗೆ, ಬೂದುಗುಂಬಳದ ಹಿಪ್ಪೆಯನ್ನು ದೋಸೆ ಹಿಟ್ಟಿಗೆ ಕಲಸಿಕೊಳ್ಳಬಹುದು. ಜಾರನ್ನು ಒಣಗಲು ಬಿಡದೆ ಆಗಲೇ ತೊಳೆಯಿರಿ. ಮುಚ್ಚಳದ ರಬ್ಬರ್ ಬಳೆಯನ್ನು ಬಿಚ್ಚಿ ಅದರ ಅಡಿಯನ್ನೂ ಉಜ್ಜಿರಿ, ಹಳೆಯ ರಸ ಅಂಟಿಕೊಂಡು ಬೂಷ್ಟು ಹಿಡಿಯುವುದು ಹೆಚ್ಚಾಗಿ ಅಲ್ಲಿಯೇ.